ಬಿಲ್ಡರ್ ‘ಪೊಸೆಷನ್’ ಕೊಟ್ಟ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಹೊಸದಾಗಿ ಕಟ್ಟಿದ ಫ್ಲಾಟನ್ನು ಬಿಲ್ಡರ್ ನಮ್ಮ ಕೈಗೆ ಕೊಡುವುದನ್ನು ಎಲ್ಲರೂ ‘ಪೊಸೆಷನ್’ ಅನ್ನುತ್ತಾರೆ. ಇದಕ್ಕೆ ಕಾಸರಗೋಡಿನ ಕನ್ನಡಿಗರಿಗೆ ಓದಿದ ಕೂಡಲೇ ತಿಳಿಯುವ ಪದವೊಂದು ಬೇಕಾಗಿದೆ. ಬೇರೆ ಅರ್ಥಕ್ಕೆ ಜಾರಬಾರದು, ಅಷ್ಟೇ.

ಬದಿಯಡ್ಕ ಕಡೆಯ ನಮ್ಮ ದೊಡ್ಡಪ್ಪ ಕಾಸರಗೋಡು ಪೇಟೆಯಲ್ಲಿ ಫ್ಲಾಟ್ ತೆಗೆದುಕೊಳ್ಳುತ್ತಿದ್ದಾರೆ. ಕರಾರು ಇಂಗ್ಲಿಷಿನಲ್ಲಿದೆ. ಅವರು ಕಲಿತದ್ದು ಕನ್ನಡ ಮೀಡಿಯಂನಲ್ಲಿ. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಕಷ್ಟ. ಸಹಿ ಹಾಕುವ ಮೊದಲು ಎಲ್ಲವನ್ನೂ ಕನ್ನಡದಲ್ಲಿ ಓದಿಯೇ ಸಿದ್ಧ ಅಂತ ಹಠ ಹಿಡಿದಿದ್ದಾರೆ. ಜೀವಮಾನದ ದುಡ್ಡು, ಹಠ ನ್ಯಾಯವಾದದ್ದೇ ಅಲ್ವಾ? ಅವರಿಗಾಗಿ ಕರಾರನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಕಾರ್ಪೆಟ್ ಏರಿಯಾ’ವನ್ನು, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯನ್ನು, ಹಾಗೇ ಇಟ್ಟೆ. ಒಳಗಿನ ಗೋಡೆಗಳ ಜಾಗ ಸೇರುತ್ತದೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ ಅಂತ ಪಕ್ಕದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಪೊಸೆಷನ್ನನ್ನು ಮಾತ್ರ ಹಾಗೆ ಬಿಡಲು ಮನಸ್ಸಿಲ್ಲ.

ಯಾಕೆಂದರೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಕೊಳ್ಳುವವರ ಎಷ್ಟೋ ಹಕ್ಕುಗಳು ಈ ಒಂದು ಮಾತಿನ ಮೇಲೆ ನಿಂತಿವೆ. ಕರಾರಿನಲ್ಲಿ ಬರೆದ ದಿನಕ್ಕೆ ಪೊಸೆಷನ್ ಸಿಗದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಮನೆಯೇ ಬೇಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಆ ದಿನ ಯಾವುದು ಅನ್ನುವುದೇ ಮಸುಕಾದರೆ ಇದನ್ನೆಲ್ಲ ಕೇಳುವುದು ಹೇಗೆ?

ನಮ್ಮಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ವಿಲೇಜ್ ಆಫೀಸಿನಲ್ಲೂ ‘ಪೊಸೆಷನ್ ಸರ್ಟಿಫಿಕೆಟ್’ ಕೊಡುತ್ತಾರೆ. ಮಲಯಾಳದಲ್ಲಿ ಅದು ‘ಕೈವಶಾವಕಾಶ ಸರ್ಟಿಫಿಕೆಟ್’. ಜಾಗ ಯಾರ ಕೈಯಲ್ಲಿದೆ ಅಂತ ಹೇಳುವ ಕಾಗದ ಅದು, ಬ್ಯಾಂಕ್ ಸಾಲಕ್ಕೆ ಬೇಕಾಗುತ್ತದೆ. ಬಿಲ್ಡರ್ ಕೊಡುವ ಪೊಸೆಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ನಾನು ‘ಕೈವಶ’ ಅಂತ ಬರೆದರೆ ದೊಡ್ಡಪ್ಪನಿಗೆ ಮೊದಲು ನೆನಪಾಗುವುದು ವಿಲೇಜ್ ಆಫೀಸೇ. ಅಲ್ಲದೆ ಕನ್ನಡದಲ್ಲಿ ಕೋಟೆಯನ್ನು ಕೈವಶ ಮಾಡಿಕೊಳ್ಳುತ್ತಾರೆ, ಮನೆಯನ್ನಲ್ಲ.

‘ಸ್ವಾಧೀನ’ ಬಹಳ ಜನ ಹೇಳುವ ಪದ. ಹಳೆಯ ಪತ್ರಗಳಲ್ಲೂ ಇದೆ. ಆದರೆ ಈಗ ಪೇಪರ್ ಓದುವವರಿಗೆ ಸ್ವಾಧೀನ ಅಂದರೆ ಭೂಸ್ವಾಧೀನ. ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಕೊಟ್ಟ ಊರುಗಳಲ್ಲಿ ಈ ಪದ ಕೇಳಿದರೆ ಜನ ಸರ್ಕಾರ ಜಾಗ ತೆಗೆದುಕೊಂಡಿತು ಅಂತಲೇ ತಿಳಿಯುತ್ತಾರೆ. ಇದಕ್ಕಿಂತ ದೊಡ್ಡ ತೊಂದರೆ ಒಂದಿದೆ. ಕರ್ನಾಟಕದ ಪತ್ರಿಕೆಗಳು ಒಸಿಯನ್ನು, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಸ್ಥಳೀಯ ಸಂಸ್ಥೆ ಕೊಡುವ ಕಾಗದವನ್ನು, ‘ಸ್ವಾಧೀನಾನುಭವ ಪತ್ರ’ ಅಂತ ಬರೆಯುತ್ತವೆ. ಒಸಿ ಬಂದ 2 ತಿಂಗಳೊಳಗೆ ಕೊಂಡವರು ಪೊಸೆಷನ್ ತೆಗೆದುಕೊಳ್ಳಬೇಕು ಅನ್ನುತ್ತದೆ ರೇರಾ. ಇದನ್ನು ‘ಸ್ವಾಧೀನಾನುಭವ ಪತ್ರ ಬಂದ 2 ತಿಂಗಳೊಳಗೆ ಸ್ವಾಧೀನ ಪಡೆಯಬೇಕು’ ಅಂತ ಬರೆದು ನೋಡಿ. ಎರಡು ಬೇರೆ ಸಂಗತಿಗಳು ಒಂದೇ ಆಗಿಬಿಡುತ್ತವೆ. ಒಸಿ ಇಲ್ಲದೆ ಬರೀ ಕೀಲಿಕೈ ಕೊಡುವವರಿಗೆ ಇಂಥ ಗೊಂದಲವೇ ಬೇಕಾಗಿರುವುದು.

‘ಕಬ್ಜಾ’ ನಮ್ಮ ಕಡೆ ಬಳಕೆಯಲ್ಲಿಲ್ಲ, ಕೇಳಿದವರಿಗೂ ಒತ್ತುವರಿಯ ವಾಸನೆ ಬರುತ್ತದೆ. ‘ಹಸ್ತಾಂತರ’ ಪರವಾಗಿಲ್ಲ. ಆದರೆ ಆಸ್ತಿಯ ವಿಷಯದಲ್ಲಿ ಹಸ್ತಾಂತರ ಅಂದರೆ ಹೆಸರೇ ಬದಲಾಯಿತು ಅಂತ ಅನಿಸುತ್ತದೆ. ಅದು ‘ಆಧಾರ’, ಅಂದರೆ ಕ್ರಯಪತ್ರ, ರಿಜಿಸ್ಟ್ರಿ ಆಗುವ ಕೆಲಸ, ಬೇರೆಯೇ. ‘ಮನೆ ಒಕ್ಕಲು’ ನಮ್ಮದೇ ಮುದ್ದಾದ ಮಾತು, ತುಳುವಿನ ‘ಇಲ್ಲೊಕ್ಕೆಲ್’ ಕೂಡ ಅದೇ. ಆದರೆ ಒಕ್ಕಲಿನ ದಿನ ನಾವು ಮುಹೂರ್ತ ನೋಡಿ ಇಡುವುದು. ಅದಕ್ಕೂ ಕಾನೂನಿನ ದಿನಕ್ಕೂ ತಾಳೆಯಾಗಬೇಕೆಂದಿಲ್ಲ.

ನನಗೆ ಸದ್ಯ ಹಿಡಿಸಿದ್ದು ‘ಒಪ್ಪಿಸು’. ‘ಬಿಲ್ಡರ್ ಮನೆ ಒಪ್ಪಿಸಿದ ದಿನದಿಂದ 5 ವರ್ಷ’ ಅಂತ ಓದಿ ಹೇಳಿದಾಗ ದೊಡ್ಡಮ್ಮನಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಎಲ್ಲರಿಗೂ ಗೊತ್ತು. ಕೊಡುವವರು, ಪಡೆಯುವವರು ಇಬ್ಬರೂ ಎದುರಿಗೆ ಇರಲೇಬೇಕು. ಒಪ್ಪಿಸುವುದು, ಒಪ್ಪಿಸಿಕೊಳ್ಳುವುದು ಎರಡೂ ಈ ಪದದಲ್ಲಿವೆ. ಗೋಡೆ, ನಲ್ಲಿ, ಕಿಟಕಿ ಎಲ್ಲ ನೋಡಿ, ಸಹಿ ಮಾಡಿ ಪಡೆದದ್ದು ಅನ್ನುವ ಭಾವವೂ ಬರುತ್ತದೆ.

ಕಷ್ಟ ಇರುವುದು ನಾಮಪದ ಮಾಡುವಾಗ. ‘ಒಪ್ಪಿಗೆ’ ಅಂದರೆ ಸಮ್ಮತಿ ಆಗಿಬಿಡುತ್ತದೆ. ‘ಒಪ್ಪಿಸುವಿಕೆ’ ನಾಲಿಗೆಗೆ ಒಗ್ಗುವುದಿಲ್ಲ. ‘ಒಪ್ಪಿಸಿದ ಪತ್ರ’, ‘ಒಪ್ಪಿಸುವ ದಿನಾಂಕ’ ಅಂತ ಬಿಡಿಸಿ ಬರೆದರೆ ಕರಾರಿನ ಭಾಷೆಗೆ ಸಾಲುತ್ತದೆಯೇ? ವಕೀಲರಾಗಿರುವವರು, ದಸ್ತಾವೇಜು ಬರೆಯುವವರು ದಯವಿಟ್ಟು ಹೇಳಿ.

ಇನ್ನೊಂದು ಕೋರಿಕೆ. 1956ರ ನವೆಂಬರ್ 1ರ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗಿನ ಕನ್ನಡ ಕ್ರಯಪತ್ರ, ಗೇಣಿ ಚೀಟುಗಳು ಕುಂಬಳೆ, ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಇನ್ನೂ ಇರಬೇಕು. ಮನೆ ಅಥವಾ ಜಾಗ ಬಿಟ್ಟುಕೊಟ್ಟೆ ಅನ್ನುವ ಸಾಲಿನಲ್ಲಿ ಯಾವ ಕ್ರಿಯಾಪದ ಇದೆ ಅಂತ ನೋಡಿ ತಿಳಿಸುತ್ತೀರಾ? ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರು ಮರಾಠಿಯ ‘ತಾಬಾ’ವನ್ನೇ ಕನ್ನಡದಲ್ಲೂ ಹೇಳುತ್ತೀರಾ, ಅಥವಾ ನಿಮ್ಮಲ್ಲಿ ಬೇರೆ ಮಾತಿದೆಯಾ? ಹೊಸೂರು, ಮಡಕಶಿರಾದವರೂ ತಿಳಿಸಿ.