‘ಭೂಕಕ್ಷೆ’ ಅಂದರೆ ಯಾವ ಕಕ್ಷೆ?

ಗೆಳೆಯರೇ,

‘ಭೂಕಕ್ಷೆ’ ಎಂಬ ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ವಿರಾಜಪೇಟೆ ಕಡೆಯ ಒಂದು ಶಾಲೆಗೆ ಅಪೋಫಿಸ್ ಕ್ಷುದ್ರಗ್ರಹದ ಬಗ್ಗೆ ಚಾರ್ಟ್ ಮಾಡುತ್ತಿದ್ದೇನೆ. ನಡುವೆ ಸೂರ್ಯ, ನೀಲಿ ಗೆರೆಯಲ್ಲಿ ಭೂಮಿಯ ದಾರಿ, ಅದನ್ನು ಎರಡು ಕಡೆ ಕತ್ತರಿಸುವ ಕೆಂಪು ಗೆರೆ ಅಪೋಫಿಸ್‌ದು. ಕೆಳಗೆ ‘ಅಪೋಫಿಸ್ ಭೂಕಕ್ಷೆಯನ್ನು ದಾಟುತ್ತದೆ’ ಎಂಬ ಸಾಲು. ಓದಿದ ಹುಡುಗಿಯೊಬ್ಬಳು ಕೇಳಿದಳು: ‘ಸ್ಯಾಟಲೈಟ್ ಸುತ್ತುತ್ತಲ್ಲಾ, ಆ ಜಾಗಾನಾ ಸರ್?’

ಅವಳು ಹಾಗೆ ತಿಳಿದದ್ದು ಸಹಜ. ಪೇಪರಿನಲ್ಲಿ, ಟೀವಿಯಲ್ಲಿ ಬರುವ ಭೂಕಕ್ಷೆ ಅದೇ ತಾನೆ? ‘ಉಪಗ್ರಹ ಭೂಕಕ್ಷೆ ಸೇರಿತು’ ಅನ್ನುತ್ತೇವೆ. 2013ರಲ್ಲಿ ಮಂಗಳಯಾನ ಭೂಕಕ್ಷೆ ಬಿಟ್ಟು ಹೊರಟಿತು. ಅಲ್ಲೆಲ್ಲ ಅದು ಭೂಮಿಯ ಸುತ್ತಲಿನ ದಾರಿ. ಖಗೋಳದ ಪಾಠದಲ್ಲಿ ಮಾತ್ರ ಅದೇ ಪದ ಭೂಮಿ ಸೂರ್ಯನನ್ನು ಸುತ್ತುವ ದಾರಿ. ಸಮಾಸ ಬಿಡಿಸಿದರೆ ಎರಡೂ ಸರಿಯೇ. ತೊಂದರೆ ಇರೋದೇ ಅಲ್ಲಿ.

ಬೇರೆ ಕ್ಷುದ್ರಗ್ರಹವಾಗಿದ್ದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ ಅನ್ನಬಹುದಿತ್ತು. ಅಪೋಫಿಸ್ ಎರಡು ಅರ್ಥದಲ್ಲೂ ದಾಟುವ ಆಸಾಮಿ. ಸೂರ್ಯನನ್ನು ಸುಮಾರು 324 ದಿನಕ್ಕೊಮ್ಮೆ ಸುತ್ತುತ್ತಾ ಭೂಮಿಯ ದಾರಿಯ ಒಳಗೆ ಹೊರಗೆ ಓಡಾಡುತ್ತಲೇ ಇರುತ್ತದೆ. 2029ರ ಏಪ್ರಿಲ್ 13ರಂದು ನೆಲದಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದು ಹೋಗುತ್ತದೆ. ಟೀವಿ ಉಪಗ್ರಹಗಳಿರುವ ಭೂಸ್ಥಿರ ಕಕ್ಷೆ 36,000 ಕಿ.ಮೀ. ಮೇಲಿದೆ. ಅಂದರೆ ಅದರಿಂದಲೂ ಒಳಗೆ! (ನಮ್ಮ ಗಡಿಯಾರದಲ್ಲಿ ಆಗ 14ರ ಬೆಳಗಿನ ಜಾವ ಮೂರು ಗಂಟೆ ದಾಟಿರುತ್ತದೆ. ಕೊಡಗಿನಲ್ಲಿ ಎಡಮ್ಯಾರ್ ಒಂದರ ದಿನ, ಅಂದರೆ ಕೊಡವರ ಹೊಸ ವರ್ಷ. ಚಾರ್ಟಿನಲ್ಲಿ ಎರಡೂ ತಾರೀಕು ಹಾಕಿದ್ದೇನೆ.) ಆವತ್ತು ಭೂಮಿಯ ಸೆಳೆತಕ್ಕೆ ಅದರ ದಾರಿಯೂ ಹಿಗ್ಗಿ, ಸುತ್ತುವ ಕಾಲ ಒಂದು ವರ್ಷಕ್ಕಿಂತ ಜಾಸ್ತಿಯಾಗುತ್ತದೆ. ಈ ಮೂರು ಸಂಗತಿಯನ್ನೂ ಬರೀ ‘ಕಕ್ಷೆ’ ಇಟ್ಟುಕೊಂಡು ಬರೆದು ನೋಡಿ, ಗೊತ್ತಾಗುತ್ತೆ.

ಇನ್ನು ಕ್ರಿಯಾಪದ. ‘ಭೂಮಿಗೆ ಅಡ್ಡ ಬರುವ ಕ್ಷುದ್ರಗ್ರಹ’ ಎಂದು ಬರೆಯೋಣ ಅಂತ ಒಬ್ಬರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಿಲ್ಲ. ಸಿದ್ದಾಪುರದ ರಸ್ತೆಯಲ್ಲಿ ‘ಆನೆ ದಾಟಿತು’ ಅಂದರೆ ರಾತ್ರಿ ಯಾವಾಗಲೋ ದಾಟಿರಬಹುದು, ಬೆಳಿಗ್ಗೆ ಲದ್ದಿ ನೋಡಿ ಹೇಳುವ ಮಾತು. ‘ಆನೆ ಅಡ್ಡ ಬಂತು’ ಅಂದರೆ ನಾವೂ ಆ ಹೊತ್ತಿಗೆ ಅಲ್ಲೇ ಇದ್ದೆವು ಎಂದೇ ಅರ್ಥ. ಅಪೋಫಿಸ್ ನಮ್ಮ ದಾರಿ ದಾಟುವಾಗ ಸಾಮಾನ್ಯವಾಗಿ ಭೂಮಿ ಬೇರೆಲ್ಲೋ ಇರುತ್ತದೆ. 2021ರ ರಾಡಾರ್ ಅಳತೆಗಳ ಪ್ರಕಾರ ಇನ್ನು ನೂರು ವರ್ಷವಂತೂ ಡಿಕ್ಕಿಯಿಲ್ಲ. ಹಾಗಾಗಿ ‘ದಾಟು’ ಇರಲಿ. ‘ಅಡ್ಡ ಬರು’ ಸುಮ್ನೆ ಹೆದರಿಸುತ್ತದೆ.

ಸದ್ಯಕ್ಕೆ ಸೂರ್ಯನ ಸುತ್ತಲಿನದಕ್ಕೆ ‘ಭೂಮಿಯ ದಾರಿ’, ಉಪಗ್ರಹಗಳದ್ದಕ್ಕೆ ‘ಭೂಕಕ್ಷೆ’ ಎಂದು ಹಂಚಿಕೊಂಡಿದ್ದೇನೆ. ‘ಭೂಪಥ’ ಆಗಬಹುದೇ? ಪಠ್ಯಪುಸ್ತಕ ಬರೆದ ಅನುಭವ ಇರುವವರು ಈ ಎರಡನ್ನು ಹೇಗೆ ಬೇರೆ ಮಾಡಿದ್ದೀರಿ ಎಂದು ತಿಳಿಸಿ.