ಟ್ರೇಲರ್‌ನ ಎ.ಸಿ. ಓಡುತ್ತಿದೆ, ಆದರೆ ಮಲಗುವ ಕೋಣೆಗೆ ತಂಪು ಗಾಳಿ ತಲುಪುತ್ತಿಲ್ಲ: ಏನು ಮಾಡಬೇಕು?

ಅಲೆಮಾರಿ (ಫೀನಿಕ್ಸ್, ಅರಿಝೋನಾ)

ಎಲ್ಲರಿಗೂ ನಮಸ್ಕಾರ. ನಮ್ಮದು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ 28 ಅಡಿಯ ಟ್ರೇಲರ್. ಚಾವಣಿಯ ನಡುವೆ 13,500 ಬಿಟಿಯು ಸಾಮರ್ಥ್ಯದ ಒಂದೇ ಎ.ಸಿ. ಇದೆ. ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಚಾವಣಿಯ ಒಳಗೇ ಗಾಳಿಯ ನಾಳಗಳು ಹೋಗಿವೆ. ಮುಂಭಾಗದಲ್ಲಿ ಮಲಗುವ ಕೋಣೆ, ಹಿಂಭಾಗದಲ್ಲಿ ಮಕ್ಕಳ ಬಂಕ್ ಹಾಸಿಗೆಗಳು.

ಎ.ಸಿ. ನಿಲ್ಲದೆ ಓಡುತ್ತದೆ, ಸದ್ದೂ ಜೋರಾಗಿಯೇ ಇದೆ. ಆದರೆ ಮಲಗುವ ಕೋಣೆಯ ಕಿಂಡಿಯ ಕೆಳಗೆ ಕೈ ಹಿಡಿದರೆ ಗಾಳಿ ಬರುತ್ತಿದೆಯೋ ಇಲ್ಲವೋ ಎಂದು ಅನುಮಾನ ಪಡುವಂತಿದೆ. ಬಂಕ್‌ಗಳ ಕಡೆಯೂ ಅದೇ ಕಥೆ. ಫಿಲ್ಟರ್ ತೊಳೆದಿದ್ದೇನೆ, ಫ್ಯಾನ್ ಹೆಚ್ಚಿನ ವೇಗದಲ್ಲೇ ಇದೆ. ಇಲ್ಲಿಯ ಮೆಕ್ಯಾನಿಕ್ ಒಬ್ಬರು 15,000 ಬಿಟಿಯು ಎ.ಸಿ. ಹಾಕಿಸಿ ಎಂದರು. ಬೆಂಗಳೂರಿನಲ್ಲಿರುವ ನನ್ನ ಭಾವ ಗ್ಯಾಸ್ ಕಡಿಮೆಯಾಗಿರಬೇಕು, ತುಂಬಿಸು ಎನ್ನುತ್ತಾರೆ. ಜೂನ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಅವರು ಮಲಗುವುದು ಆ ಮುಂದಿನ ಕೋಣೆಯಲ್ಲೇ. ಅಪ್ಪನಿಗೆ ಬಿಸಿಲಿನ ಝಳ ಆಗುವುದಿಲ್ಲ. ದಯವಿಟ್ಟು ದಾರಿ ಹೇಳಿ.

ಪಯಣಿಗ (ಟೂಸಾನ್, ಅರಿಝೋನಾ)

ನಮಸ್ಕಾರ. ಹೊಸ ಎ.ಸಿ.ಗೆ ಈಗಲೇ ದುಡ್ಡು ಹಾಕಬೇಡಿ. ಗ್ಯಾಸ್ ವಿಚಾರವನ್ನೂ ಸದ್ಯಕ್ಕೆ ಬದಿಗಿಡಿ. ಊರಿನಲ್ಲಿ ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ.ಯ ಪೈಪುಗಳನ್ನು ಮನೆಗೆ ಬಂದು ಜೋಡಿಸುತ್ತಾರೆ. ಆ ಜೋಡಣೆಯಲ್ಲಿ ಗ್ಯಾಸ್ ಸೋರಬಹುದು, ಹಾಗಾಗಿ ತುಂಬಿಸುವ ಮಾತು ಮೊದಲು ಬರುತ್ತದೆ. ಚಾವಣಿಯ ಮೇಲಿನ ನಮ್ಮ ಯಂತ್ರಗಳಲ್ಲಿ ಗ್ಯಾಸಿನ ಸುತ್ತು ಪೂರ್ತಿ ಕಾರ್ಖಾನೆಯಲ್ಲೇ ಬೆಸುಗೆಯಾಗಿ ಬರುತ್ತದೆ. ಹೆಚ್ಚಿನವುಗಳಲ್ಲಿ ಗ್ಯಾಸ್ ತುಂಬಿಸುವ ಬಾಯಿಯೇ ಇರುವುದಿಲ್ಲ.

13,500 ಬಿಟಿಯು ಎಂದರೆ ಊರಿನ ಲೆಕ್ಕದಲ್ಲಿ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಫೀನಿಕ್ಸ್‌ನ ಮಧ್ಯಾಹ್ನಕ್ಕೆ ಅದು ಧಾರಾಳವಲ್ಲ, ನಿಜ. ಆದರೆ ನಿಮ್ಮ ದೂರು ಎ.ಸಿ. ತಂಪು ಮಾಡುತ್ತಿಲ್ಲ ಎಂಬುದಲ್ಲ, ಗಾಳಿ ತಲುಪುತ್ತಿಲ್ಲ ಎಂಬುದು. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಯಾವುದು ನಿಮ್ಮದು ಎಂದು ಅಳೆದೇ ತಿಳಿಯಬೇಕು.

ಅಡುಗೆಗೆ ಬಳಸುವ, ಮೊನೆಯುಳ್ಳ ಡಿಜಿಟಲ್ ಥರ್ಮಾಮೀಟರ್ ಸಾಕು. ಬಂದೂಕಿನಂತೆ ಗುರಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಡ, ಅದು ಪ್ಲಾಸ್ಟಿಕ್ಕಿನ ಬಿಸಿಯನ್ನು ಹೇಳುತ್ತದೆಯೇ ಹೊರತು ಗಾಳಿಯದನ್ನಲ್ಲ. ಎ.ಸಿ.ಯನ್ನು ಹೆಚ್ಚಿನ ವೇಗದಲ್ಲಿ ಇಪ್ಪತ್ತು ನಿಮಿಷ ಓಡಲು ಬಿಡಿ. ಆಮೇಲೆ ಮೊದಲು ಗಾಳಿ ಒಳಕ್ಕೆ ಹೋಗುವ ಜಾಲರಿಯ ಬಳಿ, ಅಂದರೆ ಫಿಲ್ಟರ್ ಇರುವಲ್ಲಿ ಅಳೆಯಿರಿ. ಎ.ಸಿ.ಯ ಕೆಳಗೇ ನೇರವಾಗಿ ಗಾಳಿ ಬಿಡುವ ಮುಚ್ಚಳವಿದ್ದರೆ ಅದನ್ನು ಒಂದು ನಿಮಿಷ ತೆರೆದು ಅಲ್ಲಿ ಅಳೆದು, ತಪ್ಪದೆ ಮುಚ್ಚಿಬಿಡಿ. ನಂತರ ಹತ್ತಿರದ ಕಿಂಡಿ, ಕೊನೆಗೆ ಮಲಗುವ ಕೋಣೆಯ ಕಿಂಡಿ. ನಾಲ್ಕೂ ಅಂಕಿಗಳನ್ನು ಇಲ್ಲಿ ಬರೆಯಿರಿ.

ಅಲೆಮಾರಿ

ಅಳೆದೆ ಸರ್. ಹೊರಗೆ 106 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಫಿಲ್ಟರ್ ಬಳಿ 84, ಎ.ಸಿ.ಯ ಕೆಳಗಿನ ಮುಚ್ಚಳದಲ್ಲಿ 64, ಹತ್ತಿರದ ಕಿಂಡಿಯಲ್ಲಿ 71, ಮಲಗುವ ಕೋಣೆಯಲ್ಲಿ 76. ಇನ್ನೊಂದು ವಿಷಯ: ಆ ಮುಚ್ಚಳ ತೆರೆದಾಗ ಅಲ್ಲಿ ಗಾಳಿ ರಭಸವಾಗಿ ಬಂತು. ಇಷ್ಟು ಗಾಳಿ ಒಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಪಯಣಿಗ

ನಿಮ್ಮ ಅಂಕಿಗಳೇ ಉತ್ತರ ಹೇಳುತ್ತಿವೆ. ಒಳಕ್ಕೆ 84, ಹೊರಕ್ಕೆ 64: ಇಪ್ಪತ್ತು ಡಿಗ್ರಿ ವ್ಯತ್ಯಾಸ. ಈ ಯಂತ್ರಗಳಿಂದ ಸಾಮಾನ್ಯವಾಗಿ ಹದಿನಾರರಿಂದ ಇಪ್ಪತ್ತೆರಡು ಡಿಗ್ರಿ ನಿರೀಕ್ಷಿಸಬೇಕು. ಹಾಗಾಗಿ ನಿಮ್ಮ ಎ.ಸಿ. ಆರೋಗ್ಯವಾಗಿದೆ. ಹತ್ತಿರದ ಕಿಂಡಿಗೆ ಬರುವಷ್ಟರಲ್ಲೇ ಏಳು ಡಿಗ್ರಿ ಕಳೆದುಹೋಗಿದೆ ನೋಡಿ, ಕಳ್ಳ ಇರುವುದು ಅಲ್ಲಿ. ಯಂತ್ರ ತಯಾರಿಸಿದ ತಂಪು ನಿಮ್ಮನ್ನು ತಲುಪುವ ಮೊದಲೇ ಚಾವಣಿಯಲ್ಲಿ ಎ.ಸಿ. ಕೂರುವ ಚೌಕದಲ್ಲಿ ಸೋರಿಹೋಗುತ್ತಿದೆ. ಇದೇ ಸ್ಥಿತಿಯಲ್ಲಿ 15,000 ಬಿಟಿಯು ಯಂತ್ರ ಕೂರಿಸಿದರೆ ಅದರ ತಂಪೂ ಅದೇ ಬಿರುಕುಗಳಲ್ಲಿ ಸೋರುತ್ತದೆ.

ಎಲ್ಲಿ ಸೋರುತ್ತದೆ ಎಂದು ವಿವರಿಸುತ್ತೇನೆ. ಡೊಮೆಟಿಕ್ ಇರಲಿ, ಕೋಲ್ಮನ್-ಮ್ಯಾಕ್ ಇರಲಿ, ಯಾವ ಕಂಪನಿಯದ್ದಾದರೂ ಯಂತ್ರ ಕೂರುವುದು ಚಾವಣಿಯಲ್ಲಿ ಕತ್ತರಿಸಿದ 14 ಇಂಚಿನ ಚೌಕದ ಮೇಲೆ. ಆ ಒಂದೇ ಚೌಕದ ಒಂದು ಭಾಗದಲ್ಲಿ ಕೋಣೆಯ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಇನ್ನೊಂದು ಭಾಗದಲ್ಲಿ ತಂಪು ಗಾಳಿ ಕೆಳಕ್ಕೆ ಬರುತ್ತದೆ. ನಡುವೆ ಒಂದು ತೆಳು ತಡೆಗೋಡೆ. ಈ ತಡೆಗೋಡೆಯ ಸುತ್ತ ಬಿರುಕು ಉಳಿದಿದ್ದರೆ ತಂಪು ಗಾಳಿ ಕೋಣೆಗೆ ಬಾರದೆ ನೇರವಾಗಿ ಒಳಸೇರುವ ಬಾಯಿಗೇ ಹಿಂದಿರುಗುತ್ತದೆ. ಯಂತ್ರ ತಾನೇ ತಂಪು ಮಾಡಿದ ಗಾಳಿಯನ್ನು ತಾನೇ ಕುಡಿಯುತ್ತದೆ, ನಿಮ್ಮ ಪಾಲಿಗೆ ಬರುವ ಗಾಳಿ ಅಷ್ಟು ಕಡಿಮೆಯಾಗುತ್ತದೆ.

ಎರಡನೆಯ ಸೋರಿಕೆ ಚೌಕದ ಪಕ್ಕಗಳಲ್ಲಿ. ತಂಪು ಗಾಳಿ ಕೆಳಕ್ಕೆ ಬಂದು, ತಿರುಗಿ, ನಾಳದ ಬಾಯಿಯನ್ನು ಸೇರಬೇಕು. ಆ ಬಾಯಿಗೂ ಚಾವಣಿಯ ಮರದ ಚೌಕಟ್ಟಿಗೂ ನಡುವೆ ಎಷ್ಟೋ ಟ್ರೇಲರ್‌ಗಳಲ್ಲಿ ತೆರಪು ಹಾಗೆಯೇ ಉಳಿದಿರುತ್ತದೆ. ಗಾಳಿ ಅದರೊಳಗೆ ನುಗ್ಗಿ, ಮೇಲಿನ ಚಾವಣಿಗೂ ಒಳಗಿನ ತಾರಸಿ ಹಲಗೆಗೂ ನಡುವೆ ಇರುವ ಟೊಳ್ಳಿಗೆ ಹೋಗುತ್ತದೆ. ಅಲ್ಲಿ ಯಾರೂ ಮಲಗುವುದಿಲ್ಲ.

ಇನ್ನು ಕೆಲಸ. ಮೊದಲು ಟ್ರೇಲರ್‌ನ 120 ವೋಲ್ಟ್ ಕೇಬಲನ್ನು ಹೊರಗಿನ ವಿದ್ಯುತ್ ಕಂಬದಿಂದ ಕಿತ್ತುಬಿಡಿ, ಬರೀ ಬ್ರೇಕರ್ ಇಳಿಸಿ ಸುಮ್ಮನಾಗಬೇಡಿ. ಬ್ಯಾಟರಿಯ 12 ವೋಲ್ಟ್ ಸಂಪರ್ಕವನ್ನೂ ತಪ್ಪಿಸಿ, ಥರ್ಮೋಸ್ಟ್ಯಾಟ್ ತಂತಿಗಳು ಅದೇ ಚೌಕದಲ್ಲಿ ಇರುತ್ತವೆ. ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ತಿರುಪುಗಳನ್ನು ಬಿಚ್ಚಿ ಇಳಿಸಿ. ಕೈಗವಸು ಹಾಕಿಕೊಳ್ಳಿ, ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತ. ಗಾಳಿಯನ್ನು ತಂಪು ಮಾಡುವ ಕೊಳವೆ ಸುರುಳಿ, ಅಂದರೆ ಒಳಗಿನ ಕಾಯಿಲ್‌ನ ರೆಕ್ಕೆಗಳ ನಡುವೆ ಸಣ್ಣ ಸೆನ್ಸರ್ ಒಂದು ಸಿಕ್ಕಿಸಿರಬಹುದು. ಕಾಯಿಲ್ ಮಂಜುಗಟ್ಟಿದರೆ ಕಂಪ್ರೆಸರನ್ನು ನಿಲ್ಲಿಸುವುದು ಅದೇ, ಅದನ್ನು ಅಲುಗಿಸಬೇಡಿ.

ಟಾರ್ಚ್ ಹಿಡಿದು ತಡೆಗೋಡೆಯ ನಾಲ್ಕೂ ಅಂಚುಗಳನ್ನು ನೋಡಿ. ಬೆರಳು ತೂರುವ ಜಾಗ ಕಂಡರೆ ಅಚ್ಚರಿ ಬೇಡ. ಮುಚ್ಚಲು ಹೊಳೆಯುವ ಅಲ್ಯೂಮಿನಿಯಂ ಟೇಪು ಬಳಸಿ, ಗಾಳಿ ನಾಳಗಳಿಗೆಂದೇ ಯುಎಲ್ 181 ಗುರುತು ಹೊತ್ತು ಬರುತ್ತದಲ್ಲ, ಅದು. ಬೂದುಬಣ್ಣದ ಬಟ್ಟೆಯ ಟೇಪು ಈ ಬಿಸಿಗೆ ಕೆಲವೇ ತಿಂಗಳಲ್ಲಿ ಕಳಚಿ ನೇತಾಡುತ್ತದೆ. ಅಂಟಿಸುವ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಟೇಪು ಹಾಕಿ ಚಮಚದ ಬೆನ್ನಿನಿಂದ ಒತ್ತಿ ತೀಡಿ. ಕಚ್ಚಾ ಮರಕ್ಕೆ ಟೇಪು ಚೆನ್ನಾಗಿ ಹಿಡಿಯುವುದಿಲ್ಲ, ಅಂಥ ಕಡೆ ಅದನ್ನು ಅಗಲವಾಗಿ, ಎರಡು ಪದರ ಹಾಕಿ.

ತಂಪು ಗಾಳಿಯ ಭಾಗ ಮುಗಿದ ಮೇಲೆ ಕಿಂಡಿಗಳನ್ನೂ ಒಂದೊಂದಾಗಿ ಬಿಚ್ಚಿ. ಪ್ರತಿ ಕಿಂಡಿಯ ತೂತಿನ ಸುತ್ತ ನಾಳಕ್ಕೂ ತಾರಸಿ ಹಲಗೆಗೂ ನಡುವೆ ತೆರಪು ಇದ್ದೇ ಇರುತ್ತದೆ. ಅದನ್ನೂ ಒಳಗಿನಿಂದ ಟೇಪು ಸುತ್ತಿ ಮುಚ್ಚಬೇಕು. ಬೇಸರ ತರುವ ಕೆಲಸ, ಆದರೆ ಬಿಡಬೇಡಿ.

ಹೊದಿಕೆ ಇಳಿದಿರುವಾಗಲೇ ಯಂತ್ರವನ್ನು ಚಾವಣಿಗೆ ಬಿಗಿದಿರುವ ಉದ್ದನೆಯ ನಾಲ್ಕು ಬೋಲ್ಟುಗಳನ್ನು ನೋಡಿ. ಸಡಿಲವಾಗಿದ್ದರೆ ಗಾಳಿಯೂ ಹೋಗುತ್ತದೆ, ಮಳೆನೀರೂ ಬರುತ್ತದೆ. ಯಂತ್ರಕ್ಕೂ ಚಾವಣಿಗೂ ನಡುವಿನ ಮೆತ್ತನೆಯ ಗ್ಯಾಸ್ಕೆಟ್ ಅರ್ಧ ಇಂಚಿನಷ್ಟು ದಪ್ಪಕ್ಕೆ ಒತ್ತಿಕೊಳ್ಳುವಷ್ಟು, ನಾಲ್ಕನ್ನೂ ಸಮವಾಗಿ ಬಿಗಿಯಿರಿ. ಅತಿಯಾಗಿ ಬಿಗಿದರೆ ಕೆಳಗಿನ ಚೌಕಟ್ಟು ಬಾಗುತ್ತದೆ.

ಬಯಲುಸೀಮೆ (ಹ್ಯೂಸ್ಟನ್, ಟೆಕ್ಸಸ್)

ಪಯಣಿಗ ಅವರು ಹೇಳಿದ್ದು ಸರಿ. ನಮ್ಮ ಕಡೆಯ ತೇವದ ಹವೆಯಿಂದ ಕಲಿತ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಲಗುವ ಕೋಣೆಗೆ ಹೆಚ್ಚು ಗಾಳಿ ಹೋಗಲಿ ಎಂದು ನಡುಮನೆಯ ಕಿಂಡಿಗಳನ್ನು ಮುಚ್ಚುವವರು ಬಹಳ. ಒಂದೆರಡನ್ನು ಅರ್ಧ ತಿರುಗಿಸಿದರೆ ಪರವಾಗಿಲ್ಲ. ಹೆಚ್ಚಿನವನ್ನು ಮುಚ್ಚಿದರೆ ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾಗಿ ಅದು ಮಂಜುಗಟ್ಟುತ್ತದೆ. ಆಗ ಎಲ್ಲ ಕಿಂಡಿಗಳಲ್ಲೂ ಗಾಳಿ ನಿಂತುಹೋಗುತ್ತದೆ. ಹಾಗಾದರೆ ಥರ್ಮೋಸ್ಟ್ಯಾಟ್‌ನಲ್ಲಿ ಕೂಲ್ ನಿಲ್ಲಿಸಿ ಫ್ಯಾನ್ ಮಾತ್ರ ಹೆಚ್ಚಿನ ವೇಗದಲ್ಲಿ ಓಡಿಸಿ ಕರಗಿಸಬೇಕು, ಚೂಪಾದುದರಿಂದ ಕೆರೆಯಬಾರದು.

ನನ್ನದೊಂದು ಪ್ರಶ್ನೆಯೂ ಇದೆ. ನಾಳದೊಳಗೆ ಕೂರಿಸುವ ಸಣ್ಣ 12 ವೋಲ್ಟ್ ಫ್ಯಾನ್‌ಗಳು ಸಿಗುತ್ತವೆ. ಕೊನೆಯ ಕಿಂಡಿಗೆ ಅದನ್ನು ಹಾಕಿದರೆ ಹೇಗೆ? ಆ ಚೌಕದೊಳಗೆ ಕೂರಿಸುವ ಸಿದ್ಧ ಫೋಮ್ ತುಂಡುಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಪಯಣಿಗ

ಫ್ಯಾನ್ ನನಗೆ ಒಪ್ಪಿಗೆಯಿಲ್ಲ. ಸೋರುವ ನಾಳದಲ್ಲಿ ಅದು ಟೊಳ್ಳಿನೊಳಗಿನ ಬಿಸಿ ಗಾಳಿಯನ್ನು ಎಳೆದುಕೊಂಡು ಮಲಗುವವರ ಮೇಲೆ ಸುರಿಯುತ್ತದೆ. ಸೋರಿಕೆ ಮುಚ್ಚಿದ ಮೇಲೆ ಅದರ ಅಗತ್ಯ ಸಾಮಾನ್ಯವಾಗಿ ಉಳಿಯುವುದಿಲ್ಲ.

ಫೋಮ್ ವಿಚಾರ ಬೇರೆ. ತಂಪು ಗಾಳಿ ಮೇಲಿನಿಂದ ಬಂದು ಚಪ್ಪಟೆ ತಳಕ್ಕೆ ಬಡಿದು, ಲಂಬಕೋನದಲ್ಲಿ ತಿರುಗಿ ನಾಳಕ್ಕೆ ನುಗ್ಗಬೇಕು. ಬಡಿದ ಜಾಗದಲ್ಲಿ ಸುಳಿ ಏಳುತ್ತದೆ, ಒತ್ತಡ ವ್ಯರ್ಥವಾಗುತ್ತದೆ. ಅಲ್ಲಿ ಓರೆಯಾಗಿ ಒಂದು ಫೋಮ್ ಹಲಗೆ ಕೂರಿಸಿದರೆ ಗಾಳಿ ಗದ್ದೆಯ ನೀರು ಕಾಲುವೆಗೆ ತಿರುಗುವಂತೆ ಸಲೀಸಾಗಿ ಹೊರಳುತ್ತದೆ. ಸಿದ್ಧ ತುಂಡುಗಳು ಮಾಡುವುದು ಇದನ್ನೇ, ಜೊತೆಗೆ ತಡೆಗೋಡೆಯನ್ನೂ ಭದ್ರ ಮಾಡುತ್ತವೆ. ನಿಮ್ಮ ಮಾದರಿಗೆ ಸರಿಯಾದದ್ದು ಸಿಕ್ಕರೆ ಒಳ್ಳೆಯದೇ. ಕೈಯಿಂದಲೇ ಮಾಡುವವರು ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆ ಇರುವ, ಕಟ್ಟಡಗಳಿಗೆ ಬಳಸುವ ಗಟ್ಟಿ ಹಲಗೆಯನ್ನು ತೆಗೆದುಕೊಳ್ಳಿ. ಬಿಳಿ ಥರ್ಮೋಕೋಲ್ ಬೇಡ, ಬೆಂಕಿಗೆ ಬೇಗ ಬಲಿಯಾಗುತ್ತದೆ. ನಾಳದ ಬಾಯಿಯನ್ನು ಮಾತ್ರ ಒಂದಿಷ್ಟೂ ಕಿರಿದು ಮಾಡಬಾರದು.

ಅಲೆಮಾರಿ

ಕೆಲಸ ಮುಗಿಯಿತು ಸರ್. ಹೊದಿಕೆ ಇಳಿಸಿ ನೋಡಿದರೆ ತಡೆಗೋಡೆಯ ಒಂದು ಬದಿ ಪೂರ್ತಿ ಬಿಟ್ಟುಕೊಂಡಿತ್ತು, ನನ್ನ ಅಂಗೈ ತೂರುವಷ್ಟು. ಮುಂದಿನ ನಾಳದ ಬಾಯಿಗೆ ಅಡ್ಡವಾಗಿ ಹಳೆಯ ಟೇಪಿನ ತುಂಡೊಂದು ನೇತಾಡುತ್ತಿತ್ತು. ಎಲ್ಲವನ್ನೂ ಕಿತ್ತು, ಒರೆಸಿ, ಟೇಪು ಹಾಕಿದೆ. ಓರೆ ಹಲಗೆಗಳನ್ನೂ ಕೂರಿಸಿದೆ.

ಹೊರಗೆ 104 ಡಿಗ್ರಿ ಇದ್ದಾಗಿನ ಅಂಕಿಗಳು: ಫಿಲ್ಟರ್ ಬಳಿ 80, ಹತ್ತಿರದ ಕಿಂಡಿಯಲ್ಲಿ 60, ಮಲಗುವ ಕೋಣೆಯಲ್ಲಿ 62. ಕಿಂಡಿಯ ಕೆಳಗೆ ಹಿಡಿದ ಕಾಗದ ಈಗ ನಿಲ್ಲುವುದಿಲ್ಲ, ಹಾರುತ್ತದೆ. ನನ್ನ ಹೆಂಡತಿ ಬಂದು ಹೊಸ ಎ.ಸಿ. ಹಾಕಿಸಿದೆಯಾ ಎಂದು ಕೇಳಿದಳು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಎರಡು ಸಂಗತಿ ಉಳಿದಿವೆ. ರಾತ್ರಿ ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಗಾಳಿ ಮತ್ತೆ ಸಪ್ಪೆಯಾಗುತ್ತದೆ. ಬಂಕ್‌ಗಳ ಕಡೆ ಮೊದಲಿಗಿಂತ ಬಹಳ ವಾಸಿ, ಆದರೂ ಮುಂದಿನಷ್ಟು ರಭಸವಿಲ್ಲ.

ಪಯಣಿಗ

ಈ ಅಂಕಿಗಳನ್ನು ನೋಡಿ ನಿಜಕ್ಕೂ ಖುಷಿಯಾಯಿತು. ಮಲಗುವ ಕೋಣೆಗೂ ಹತ್ತಿರದ ಕಿಂಡಿಗೂ ನಡುವೆ ಎರಡೇ ಡಿಗ್ರಿ ಎಂದರೆ ನಾಳ ಗಟ್ಟಿಯಾಗಿದೆ.

ಬಾಗಿಲಿನ ವಿಚಾರ ಸರಳ. ಕೋಣೆಗೆ ಹೋದ ಗಾಳಿ ಹಿಂದಿರುಗಿ ಫಿಲ್ಟರ್‌ಗೆ ಬರಬೇಕು, ಆಗಲೇ ಮುಂದಿನ ಗಾಳಿಗೆ ಜಾಗ. ಬಾಗಿಲು ಮುಚ್ಚಿದರೆ ಆ ದಾರಿ ಕಟ್ಟಿಹೋಗುತ್ತದೆ. ಅಪ್ಪ ಅಮ್ಮನಿಗೆ ಮರೆ ಬೇಕಿದ್ದರೆ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಪರದೆ ಎಳೆಯಿರಿ. ಖಾಯಂ ಪರಿಹಾರ ಬೇಕಿದ್ದರೆ ಬಾಗಿಲಿನ ಕೆಳಭಾಗದಲ್ಲಿ ಗಾಳಿ ಹಾಯುವ ಜಾಲರಿ ಕೂರಿಸಬಹುದು.

ಬಂಕ್‌ಗಳ ಕಡೆ ಕೊನೆಯ ಕಿಂಡಿ ಬಿಚ್ಚಿ, ನಾಳದೊಳಗೆ ಮೊಬೈಲ್ ತೂರಿಸಿ ವಿಡಿಯೊ ತೆಗೆಯಿರಿ. ಅನೇಕ ಟ್ರೇಲರ್‌ಗಳಲ್ಲಿ ನಾಳ ಕೊನೆಯ ಕಿಂಡಿ ದಾಟಿ ಹಿಂದಿನ ಗೋಡೆಯವರೆಗೂ ಹೋಗಿರುತ್ತದೆ, ಅದರ ತುದಿ ಸರಿಯಾಗಿ ಮುಚ್ಚಿರುವುದಿಲ್ಲ. ಕಿಂಡಿಯಾಚೆಗೆ ಫೋಮ್ ತುಂಡೊಂದನ್ನು ಬಿಗಿಯಾಗಿ ತುರುಕಿ ಅಂಚಿಗೆ ಟೇಪು ಹಾಕಿದರೆ ಗಾಳಿ ಅಲ್ಲೇ ಕೆಳಗಿಳಿಯುತ್ತದೆ.

ಗಾಳಿಯ ಹರಿವು ಸರಿಯಾದ ಮೇಲೆ ಬಿಸಿಲನ್ನು ತಡೆಯಿರಿ. ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 110 ಡಿಗ್ರಿ ಮುಟ್ಟಿತ್ತು. ಅಂಥ ದಿನ ಯಾವ ಎ.ಸಿ.ಯಾದರೂ ಏದುಸಿರು ಬಿಡುತ್ತದೆ. ಸ್ನಾನದ ಕೋಣೆಯಲ್ಲಿ ಬೆಳಕು ಬರುವ ಚಾವಣಿ ಕಿಂಡಿಗೆ ದಪ್ಪ ಫೋಮ್ ದಿಂಬು ಒತ್ತಿ ಇಡಿ, ಪಶ್ಚಿಮದ ಕಿಟಕಿಗಳಿಗೆ ಹೊಳೆಯುವ ಹಾಳೆ ಹಾಕಿ, ಮಧ್ಯಾಹ್ನದವರೆಗೆ ಕಾಯದೆ ಬೆಳಿಗ್ಗೆಯೇ ಎ.ಸಿ. ಹಚ್ಚಿ. ಕ್ಯಾಂಪ್‌ಗ್ರೌಂಡಿನಲ್ಲಿ ಎಲ್ಲರೂ ಎ.ಸಿ. ಹಚ್ಚಿದಾಗ ವೋಲ್ಟೇಜ್ ಬೀಳುತ್ತದೆ. 105 ವೋಲ್ಟಿಗಿಂತ ಕೆಳಗಿಳಿದರೆ ಕಂಪ್ರೆಸರ್‌ಗೆ ಅಪಾಯ, ಪ್ಲಗ್ಗಿಗೆ ಹಾಕುವ ಸಣ್ಣ ಮೀಟರ್ ಒಂದು ಇಟ್ಟುಕೊಳ್ಳಿ.

ಅಲೆಮಾರಿ

ಕೊನೆಯ ಕಿಂಡಿಯಾಚೆ ನಾಳ ಎರಡು ಅಡಿ ಖಾಲಿ ಹೋಗಿತ್ತು, ತುದಿ ತೆರೆದೇ ಇತ್ತು. ಮುಚ್ಚಿದೆ. ಬಂಕ್‌ಗಳಿಗೂ ಈಗ ಗಾಳಿ ಚೆನ್ನಾಗಿ ಬರುತ್ತಿದೆ. ಬಾಗಿಲಿಗೆ ಜಾಲರಿ ತರಿಸುತ್ತಿದ್ದೇನೆ. ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿಗೆ ಕರೆದೊಯ್ಯುವ ಯೋಚನೆಯಿದೆ. ಅಲ್ಲಿ ಎ.ಸಿ. ಬೇಕಾಗುತ್ತದೆಯೇ?

ಪಯಣಿಗ

ಅದು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಜೂನ್‌ನಲ್ಲೂ ರಾತ್ರಿ ಹೊದಿಕೆ ಬೇಕು, ಎ.ಸಿ. ಬೇಕಾಗುವುದು ದಾರಿಯಲ್ಲಿ. ಪಾರ್ಕಿನೊಳಗೆ ವಿದ್ಯುತ್ ಸಂಪರ್ಕ ಸಿಗುವುದು ಟ್ರೇಲರ್ ವಿಲೇಜ್ ಎಂಬ ಕ್ಯಾಂಪ್‌ಗ್ರೌಂಡಿನಲ್ಲಿ, ಈಗಲೇ ಕಾಯ್ದಿರಿಸಿ. ಹೊರಡುವ ಮುನ್ನ ಆ ನಾಲ್ಕು ಬೋಲ್ಟುಗಳನ್ನು ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ, ಹೆದ್ದಾರಿಯ ಕುಲುಕಾಟಕ್ಕೆ ಅವು ಸಡಿಲವಾಗುತ್ತವೆ.