ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಸಿಸ್ಟೆಂಟ್ ಕೋಚ್ ಆಗೋಕೆ ದಾರಿ ಯಾವುದು?

ಪ್ರಶ್ನೆ: ಮಗಳು ಅಮೆರಿಕದ ಒಹಾಯೊದ ಒಂದು ಡಿವಿಷನ್ 3 ಕಾಲೇಜಿನಲ್ಲಿ (ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಡಿವಿಷನ್ 1 ಮೇಲಿನದು, ಇದು ಮೂರನೇದು) ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸೋಳು. 2027ರ ಮೇನಲ್ಲಿ ಡಿಗ್ರಿ ಮುಗಿಯುತ್ತೆ. ಆಮೇಲೆ ಕೋಚಿಂಗೇ ಅಂತ ಪಟ್ಟು ಹಿಡಿದಿದ್ದಾಳೆ. ನಮ್ಮ ಕಡೆ ಈ ದಾರಿ ಗೊತ್ತಿರುವವರು ಯಾರೂ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಡಿಗ್ರಿ ಮುಗಿದ ಕೂಡಲೇ ಡಿವಿಷನ್ 1ರಲ್ಲಿ ಅಸಿಸ್ಟೆಂಟ್ ಹುದ್ದೆ ಸಿಗೋದು ತೀರಾ ಅಪರೂಪ, ಮೇಡಂ. ಹೆಚ್ಚಿನವರು ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಒಳಗೆ ಬರ್ತಾರೆ. ಎರಡು ವರ್ಷ ಮಾಸ್ಟರ್ಸ್ ಓದುತ್ತಾ ತಂಡದ ಕೆಲಸ, ಫೀಸಿನಲ್ಲಿ ವಿನಾಯಿತಿ, ಕೈಗೆ ಸಣ್ಣ ಸ್ಟೈಪೆಂಡ್. ಫೀಸು ಪೂರ್ತಿ ಮಾಫಿಯೋ ಅರ್ಧವೋ, ಬೇಸಿಗೆಯಲ್ಲೂ ಸ್ಟೈಪೆಂಡ್ ಬರುತ್ತೋ ಇಲ್ಲವೋ, ಇದನ್ನು ಒಪ್ಪಿಕೊಳ್ಳೋ ಮೊದಲೇ ಬರಹದಲ್ಲಿ ಪಡೀಲಿ. ಇನ್ನೊಂದು ಬಾಗಿಲು ವಿಡಿಯೊ ಕೋಆರ್ಡಿನೇಟರ್ ಕೆಲಸ, ಅಂದರೆ ತಂಡಕ್ಕೆ ಪಂದ್ಯದ ವಿಡಿಯೊ ಸಿದ್ಧ ಮಾಡಿಕೊಡೋದು. ಬಸ್ಸು, ಹೋಟೆಲು, ಊಟ ನೋಡಿಕೊಳ್ಳೋ ಆಪರೇಷನ್ಸ್ ಹುದ್ದೆಯೂ ಒಳ್ಳೇದೇ, ಆದರೆ ಅಲ್ಲೇ ನಾಲ್ಕೈದು ವರ್ಷ ಕೂತರೆ ಕೋರ್ಟಿಗೆ ಇಳಿಸೋರು ಕಮ್ಮಿ.

ಉತ್ತರ 2: ಕೆಲಸ ಕೊಡಿಸೋದು ಸ್ಕೌಟ್, ಅಂದರೆ ಎದುರಾಳಿ ತಂಡದ ಆಟ ಬಿಡಿಸಿ ಬರೆಯೋ ವರದಿ. ಈಗಿನಿಂದಲೇ ಕಲೀಲಿ. ಎದುರಾಳಿ ತಂಡದ ಕೊನೆಯ ನಾಲ್ಕೈದು ಪಂದ್ಯ ನೋಡಬೇಕು. ಹೆಚ್ಚು ಬಳಸೋ ಐದಾರು ಸೆಟ್ (ಮೊದಲೇ ಹೊಂದಿಸಿಕೊಂಡ ದಾಳಿ), ಬೇಸ್‌ಲೈನ್ ಮತ್ತು ಸೈಡ್‌ಲೈನ್ ಇನ್‌ಬೌಂಡ್ (ಗೆರೆಯಾಚೆಯಿಂದ ಚೆಂಡು ಒಳಗೆ ಹಾಕೋದು), ಟೈಮ್‌ಔಟ್ ಆದಮೇಲೆ ಏನು ಆಡ್ತಾರೆ, ಪಿಕ್ ಅಂಡ್ ರೋಲ್‌ನ (ಜೊತೆಗಾರ್ತಿ ರಕ್ಷಕಿಗೆ ಅಡ್ಡ ನಿಂತು ಆಮೇಲೆ ಬುಟ್ಟಿಯತ್ತ ನುಗ್ಗೋ ಆಟ) ಹೇಗೆ ತಡೀತಾರೆ, ಇಷ್ಟನ್ನೂ ಕ್ಲಿಪ್ ಮಾಡಬೇಕು. ಪ್ರತಿ ಆಟಗಾರ್ತಿಗೂ ಎರಡೇ ಸಾಲು: "ಎಡಕ್ಕೆ ನುಗ್ಗಿದರೆ ನಿಂತು ಶಾಟ್ ಹೊಡೀತಾಳೆ, ಬಲಕ್ಕೆ ಬಂದರೆ ರಿಮ್‌ವರೆಗೂ ಹೋಗ್ತಾಳೆ. ಎಡಕ್ಕೆ ತಳ್ಳಿ." ಹೊಸಬರು ಎಡವೋದು ಇಲ್ಲೇ: ಹನ್ನೆರಡು ಪುಟ ಬರೀತಾರೆ. ಆಟಗಾರ್ತಿಯರ ತಲೆಯಲ್ಲಿ ಉಳಿಯೋದು ಮೂರು ಮಾತು. ಅವರಿಗೆ ತೋರಿಸೋ ವಿಡಿಯೊ ಹತ್ತು ನಿಮಿಷ ದಾಟಬಾರದು.

ಉತ್ತರ 3: ನಿಯಮ ಗೊತ್ತಿಲ್ಲದ ಅಸಿಸ್ಟೆಂಟ್ ತಂಡಕ್ಕೇ ಕುತ್ತು. ಡಿವಿಷನ್ 1ರಲ್ಲಿ ಸೀಸನ್‌ ವೇಳೆ ಅಭ್ಯಾಸ, ಪಂದ್ಯ ಎಲ್ಲ ಸೇರಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರಬಾರದು, ವಾರದಲ್ಲಿ ಒಂದು ದಿನ ಪೂರ್ತಿ ರಜೆ. ಕಡ್ಡಾಯವಾಗಿ ಕೂರಿಸಿ ವಿಡಿಯೊ ತೋರಿಸಿದರೆ ಅದೂ ಲೆಕ್ಕಕ್ಕೆ ಬರುತ್ತೆ. ಪಂದ್ಯ ಎಷ್ಟು ಹೊತ್ತು ನಡೆದರೂ 3 ಗಂಟೆ ಅಂತಲೇ ಬರ್ಕೋಬೇಕು. 2023ರ ಜುಲೈನಿಂದ ಡಿವಿಷನ್ 1ರ ತಂಡಕ್ಕೆ ಐವರು ಅಸಿಸ್ಟೆಂಟ್‌ಗಳು, ಆದರೆ ಆ ನಿಯಮ ಬಂದಾಗ ಕ್ಯಾಂಪಸ್ ಹೊರಗೆ ರಿಕ್ರೂಟಿಂಗ್‌ಗೆ (ಹೊಸ ಆಟಗಾರ್ತಿಯರನ್ನು ಹುಡುಕಿ ಕರೆತರೋದು) ಹೋಗಬಹುದಾಗಿದ್ದವರು ಮೂವರೇ. ಕೆಲಸ ಒಪ್ಪೋ ಮುಂಚೆ "ನನ್ನನ್ನು ರಿಕ್ರೂಟಿಂಗ್‌ಗೆ ಹೊರಗೆ ಕಳಿಸ್ತೀರಾ?" ಅಂತ ನೇರವಾಗಿ ಕೇಳಲಿ. ಮುಂದಿನ ಹುದ್ದೆಗೆ ಎಲ್ಲರೂ ಕೇಳೋದು "ಯಾರನ್ನು ಕರೆತಂದಿದ್ದೀಯ?" ಅಂತ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಅವಳು ಡಿವಿಷನ್ 1ರಲ್ಲಿ ಆಡಿಲ್ಲ, ಅದು ಅಡ್ಡ ಬರುತ್ತಾ? ಅರ್ಜಿ ಯಾವಾಗ ಹಾಕಬೇಕು?

ಉತ್ತರ 2: ಹೆಸರು ಮಾಡಿದ ಆಟಗಾರ್ತಿಯರಿಗೆ ಮೊದಲ ಕರೆ ಬೇಗ ಬರುತ್ತೆ, ಅದು ನಿಜ. ಆದರೆ ಅವರೂ ಕಾಯ್ತಾರೆ. ಒಲಿಂಪಿಕ್ ಚಿನ್ನ ಗೆದ್ದಿದ್ದ ಕಿಮ್ ಮುಲ್ಕಿ ಲೂಯಿಸಿಯಾನ ಟೆಕ್ ವಿಶ್ವವಿದ್ಯಾಲಯದಲ್ಲಿ 1985ರಿಂದ 2000ದವರೆಗೆ ಸಹಾಯಕಿಯಾಗಿದ್ದು, ಆಮೇಲೆ ಬೇಲರ್ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆಗಿ ಹೋದರು. ಡಿವಿಷನ್ 3ರ ಹುಡುಗಿಗೆ ಡಿವಿಷನ್ 2ರ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸವೇ ಮೇಲು. ಅಲ್ಲಿ ಸ್ಟಾಫ್ ಚಿಕ್ಕದು, ಸ್ಕೌಟೂ ರಿಕ್ರೂಟಿಂಗೂ ಬೇಗ ಕೈಗೆ ಬರುತ್ತೆ.

ಉತ್ತರ 4: ಮಾರ್ಚ್ ಮಧ್ಯದಿಂದ ಹೆಡ್ ಕೋಚ್‌ಗಳ ಬದಲಾವಣೆ ಶುರು. ಹೊಸಬರು ತಮ್ಮವರನ್ನೇ ಕರೆತರ್ತಾರೆ, ಹಳೇ ಅಸಿಸ್ಟೆಂಟ್‌ಗಳು ಒಟ್ಟಿಗೇ ಹೊರಗೆ. ಕೆಳಗಿನ ಹುದ್ದೆ ತುಂಬೋದು ಏಪ್ರಿಲ್‌ನಿಂದ ಜೂನ್‌ವರೆಗೆ. ಮಾಸ್ಟರ್ಸ್ ಅರ್ಜಿಯ ಗಡುವು ಅದಕ್ಕೂ ಮುಂಚೆ ಮುಗಿದಿರುತ್ತೆ ಎಷ್ಟೋ ಕಡೆ, ಅದಕ್ಕೆ ಫೆಬ್ರವರಿಯೊಳಗೆ ಎರಡು ಮೂರು ಕಡೆ ಪ್ರವೇಶಕ್ಕೆ ಹಾಕಿಬಿಡಲಿ. 2027ರ ಮಹಿಳಾ ಫೈನಲ್ ಫೋರ್ (ಡಿವಿಷನ್ 1 ಚಾಂಪಿಯನ್‌ಶಿಪ್‌ನ ಕೊನೆಯ ನಾಲ್ಕು ತಂಡಗಳ ಪಂದ್ಯಗಳು) ನಿಮ್ಮ ಮಗಳಿರೋ ಒಹಾಯೊದ ಕೊಲಂಬಸ್‌ನಲ್ಲೇ. ಡಬ್ಲ್ಯುಬಿಸಿಎ, ಅಂದರೆ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಸಂಘದ ಸಮಾವೇಶ ಸೇರೋದೂ ಫೈನಲ್ ಫೋರ್ ಜೊತೆಗೇ. ಆಟ ಮುಗಿಸ್ತಿರೋ ಹುಡುಗಿಯರಿಗೆ ಅವರದೊಂದು ತರಬೇತಿ ಕಾರ್ಯಕ್ರಮವೂ ಇದೆ, ಅರ್ಜಿ ಹಾಕಲಿ. ಒಂದು ಪುಟದ ರೆಸ್ಯೂಮೆ, ಒಂದು ಮಾದರಿ ಸ್ಕೌಟ್, ಹತ್ತು ಕ್ಲಿಪ್ ಜೊತೆಗಿರಲಿ. ಶಿಫಾರಸಿಗೆ ಮೂರು ಹೆಸರು ಕೊಡುವಾಗ ಒಂದು ಎದುರಾಳಿ ತಂಡದ ಕೋಚ್‌ದಾಗಿದ್ದರೆ ತೂಕ ಜಾಸ್ತಿ.